ಮಸ್ಕಿಯ ಶೇಖರಮ್ಮ ಬೇಡ ಅಂದದ್ದು

ಮಸ್ಕಿ ಬಜಾರಿನ ಕಿರಾಣಿ ಅಂಗಡಿ ಅಮರಗುಂಡಪ್ಪನ ಮಗಳು ಶೇಖರಮ್ಮ ಕಣ್ಣು ತೆರೆದುಕೊಂಡೇ ಕನಸು ಕಾಣುವವಳು. ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಉಬ್ಬುವುದನ್ನು ನೋಡುತ್ತ ನೋಡುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಮನೆಗೆ ವಾಪಸು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಹೇಳಲು ಅವಳಿಗೂ ಬರುತ್ತಿರಲಿಲ್ಲ. "ನಮ್ಮ ಶೇಖವ್ವ ಸುಟ್ಟಷ್ಟು ರೊಟ್ಟಿ ಮಸ್ಕ್ಯಾಗ ಯಾರೂ ಸುಟ್ಟಿಲ್ರಿ" ಎಂದು ತಾಯಿ ಪಾರ್ವತೆಮ್ಮ ಬಂದವರ ಮುಂದೆಲ್ಲ ಹೇಳುವಳು. ಹೇಳಿ, ಸುಟ್ಟದ್ದನ್ನು ತಾನು ತಿಂದು ಮೆತ್ತಗಿನದನ್ನು ಮಗಳ ತಾಟಿಗೆ ಹಾಕುವಳು.

ಕನಸಿನವರಿಗೆ ಒಂದು ತೊಂದರೆ ಇದೆ. ತಮಗೆ ಏನು ಬೇಕು ಎಂಬುದು ಅವರ ಒಳಗೆ ಎಷ್ಟು ಬೆಳಕಾಗಿರುತ್ತದೆಂದರೆ, ಅದು ಹೊರಗಿನವರಿಗೂ ಕಾಣುತ್ತಿರಬೇಕು ಎಂದೇ ಅವರು ನಂಬಿರುತ್ತಾರೆ. ಹಾಗಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಶೇಖರಮ್ಮನ ಅರ್ಧ ಆಯುಷ್ಯ ಹೀಗೇ ಹೋಯಿತು ಎಂದರೆ ತಪ್ಪಿಲ್ಲ.

ಎಂಬತ್ತರ ದಶಕದ ನಡುವೆ ಅವಳು ಟೈಪಿಂಗ್ ಕಲಿಯಲು ಲಿಂಗಸುಗೂರಿಗೆ ಹೋಗುತ್ತಿದ್ದಳು. ಬೆಳಗಿನ ಬಸ್ಸು, ಕಿಟಕಿ ಪಕ್ಕದ ಸೀಟು, ಹೊರಗೆ ಕರಿನೆಲ, ಬಂಡೆಗುಡ್ಡ, ಕುರಿಹಿಂಡು. ಕಲಿತು ಮುಗಿದ ಮೇಲೆ ಅಲ್ಲಿಯೇ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಕೂತಳು. ಯಾರದೋ ಅರ್ಜಿ, ಯಾರದೋ ಕರಾರು, ಯಾರದೋ ತಕರಾರು. ಬೆರಳು ಅವಳವು, ಮಾತು ಊರಿನವು. ಹಾಳೆಯ ಕೊನೆಗೆ ಸಹಿ ಮಾಡುವವರು ಯಾವಾಗಲೂ ಬೇರೆಯವರು. ಒಮ್ಮೊಮ್ಮೆ ಗಿರಾಕಿ ಇಲ್ಲದ ಮಧ್ಯಾಹ್ನ ಬಿಳಿ ಹಾಳೆ ಏರಿಸಿ, ತನ್ನದೇ ಒಂದು ಸಾಲು ಹೊಡೆಯೋಣವೆಂದು ಕೂತರೆ, ಏನು ಹೊಡೆಯಬೇಕೆಂದು ತಿಳಿಯದೆ ಹಾಳೆ ಹಾಗೇ ಇಳಿಯುತ್ತಿತ್ತು.

ಆ ದಿನಗಳಲ್ಲೇ ಹಟ್ಟಿಯ ಬಂಗಾರದ ಗಣಿಯಲ್ಲಿ ಒಂದು ಟೈಪಿಸ್ಟ್ ನೌಕರಿ ಇದೆಯೆಂದು ಸುದ್ದಿ ಬಂತು. ಅಮರಗುಂಡಪ್ಪ ಅಂಗಡಿಯಲ್ಲಿ ಬೆಲ್ಲದ ಪೆಂಟೆ ಒಡೆಯುತ್ತ ಮಗಳನ್ನು ಕೇಳಿದ: "ಹಟ್ಟ್ಯಾಗ ನೌಕರಿ ಐತಂತ. ಹೋಗ್ತಿಯೇನವ್ವಾ?"

ಶೇಖರಮ್ಮ ಆ ಕ್ಷಣಕ್ಕೇ ಹೋಗಿಯಾಗಿತ್ತು. ಕಂಪನಿ ಮನೆಗಳ ಸಾಲು, ಪಾಳಿ ಬದಲಾಗುವಾಗಿನ ಸೈರನ್ನು, ತನ್ನದೇ ಕುರ್ಚಿ, ತನ್ನದೇ ಮೇಜು, ಎಲ್ಲ ಕಣ್ಣ ಮುಂದೆ ಬಂದವು. ಆದರೆ ನಾಲಿಗೆ ಕಲಿತದ್ದನ್ನೇ ನುಡಿಯಿತು. "ನಿಮ್ಮ ಮರ್ಜಿ ಅಪ್ಪಾ."

ಅಷ್ಟರಲ್ಲಿ ಒಬ್ಬ ಗಿರಾಕಿ ಶೇಂಗಾ ಎಣ್ಣೆ ಕೇಳಿಕೊಂಡು ಬಂದ. ಎರಡನೇ ಸಲ ಕೇಳುವುದು ಹಾಗೇ ಉಳಿಯಿತು. ಹುಡುಗಿಗೆ ಮನಸ್ಸಿಲ್ಲ ಎಂದು ಅಪ್ಪ ತಿಳಿದ. ಅಪ್ಪನಿಗೆ ಮನಸ್ಸಿಲ್ಲ ಎಂದು ಮಗಳು ತಿಳಿದಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಬಂಗಾರದ ಊರಿನ ನೌಕರಿ ಆ ಬಂಗಾರದಿಂದಲೇ ಕೈತಪ್ಪಿತು.

ಗಂಡಿನ ಕಡೆಯವರೂ ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, "ಊರಿಗೆ ಹೋಗಿ ತಿಳಸ್ತೀವ್ರಿ" ಎಂದರು. ಹುಡುಗಿ ಏನು ಕೇಳಿದರೂ "ನಿಮ್ಮ ಮರ್ಜಿ" ಅನ್ನುತ್ತಾಳೆ, ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಒಬ್ಬರು ಹೊಸಿಲು ದಾಟುವ ಮೊದಲೇ ಆಡಿಕೊಂಡರು. ಬರಬರುತ್ತ ಬರುವವರು ಕಡಿಮೆಯಾದರು. ಶೇಖರಮ್ಮನಿಗೆ ಅದರ ದುಃಖವೇನೂ ಇರಲಿಲ್ಲ, ಬಂದವರಲ್ಲಿ ಒಬ್ಬರೂ ಅವಳ ಕನಸಿನೊಳಗೆ ಕಾಲಿಟ್ಟವರಲ್ಲ.

ತೊಂಬತ್ತಾರರ ಸುಮಾರಿಗೆ ಕರಿಬಸಯ್ಯ ಎಂಬವರು ಸಿಂಧನೂರಿನಲ್ಲಿ ಕಂಪ್ಯೂಟರ್ ಸೆಂಟರ್ ತೆರೆದರು. ಅಮರಗುಂಡಪ್ಪನ ಮನೆತನಕ್ಕೆ ಬೇಕಾದ ಅಯ್ಯನವರು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಬಂಡವಾಳ ಮಾತ್ರ ಚಿಕ್ಕದು. ಗೊಬ್ಬರದ ಅಂಗಡಿಯ ಮೇಲಿನ ಕೋಣೆ, ಯಾರೋ ಬಳಸಿ ಬಿಟ್ಟ ಕಂಪ್ಯೂಟರುಗಳು, ಗೋಡೆಗೆ ಬಸವಣ್ಣನ ಫೋಟೊ. ಕಲಿಸಲು ಜನ ಬೇಕಾಗಿತ್ತು. "ಟೈಪಿಂಗ್ ಬಂದಾಕಿಗೆ ಕಂಪ್ಯೂಟರ್ ಏನ್ ಮಹಾ! ಬಾ ತಂಗಿ" ಎಂದು ಶೇಖರಮ್ಮನನ್ನು ಕರೆದುಕೊಂಡು ಹೋದರು. ಆ ಸಲ ಅವರು ಕೇಳಲಿಲ್ಲ, ಕರೆದೊಯ್ದರು, ಅದಕ್ಕೇ ಅದು ನಡೆಯಿತು. ಅವಳು ಪುಸ್ತಕ ಓದಿ ತಾನು ಕಲಿಯುತ್ತ, ಕಲಿತದ್ದನ್ನು ಮರುದಿನ ಕಲಿಸುತ್ತ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡತೊಡಗಿದಳು. ಸಿಂಧನೂರು ಹತ್ತಿರವಾದಂತೆ ಕರಿನೆಲ ಹಿಂದೆ ಸರಿದು, ಕಾಲುವೆ ನೀರಿನ ಹಸಿರು ಕಿಟಕಿಯ ತುಂಬ ಹರಡುವುದನ್ನು ನೋಡುವುದಕ್ಕಾಗಿಯೇ ಆ ನೌಕರಿ ಮಾಡುತ್ತೇನೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಮ್ಮೆ ಕರಿಬಸಯ್ಯನವರು ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆಯೊಂದನ್ನು ತಂದರು. ಅದರ ಜೊತೆ ಒಂದು ಸಿಡಿ ಬಂದಿತ್ತು. "ಪುಕ್ಕಟೆ ಐತಿ ತಂಗಿ. ಪುಕ್ಕಟೆ ಸಿಕ್ಕರ ನನಗೂ ಇರಲಿ, ನಮ್ಮಪ್ಪಗೂ ಇರಲಿ" ಎಂದು ನಕ್ಕು ಅವಳ ಕೈಗೆ ಕೊಟ್ಟರು. ಸಿಡಿಯಲ್ಲಿದ್ದದ್ದು ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್. ನಾನಾ ದೇಶದ ಜನ ಕೂಡಿ ಬರೆದದ್ದು, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದದ್ದು, ತಿದ್ದಬಹುದಾದದ್ದು. ಅದರ ಸಾಮಾನೆಲ್ಲ ಪ್ಯಾಕೇಜುಗಳಾಗಿ ಕಟ್ಟಿಟ್ಟಿತ್ತು. ಶೇಖರಮ್ಮ ಅವನ್ನು ಗಂಟು ಎನ್ನುತ್ತಿದ್ದಳು. ಆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಎಲ್ಲಿರಬೇಕೋ ಅಲ್ಲಿ ಇಡಲು ಒಂದು ಉಪಕರಣವಿತ್ತು, ಅದೂ ಆ ಜನ ಬರೆದದ್ದೇ.

ಉಪಕರಣ ಒಳ್ಳೆಯದೇ. ಆದರೆ ಅದನ್ನು ಬರೆದವರ ಊರಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಸಿಂಧನೂರಿನಲ್ಲಿ ಕರೆಂಟು ಮಾವನ ಮನೆಗೆ ಬಂದ ಅಳಿಯನಂತೆ, ಯಾವಾಗ ಬರುತ್ತದೆ, ಯಾವಾಗ ಮುನಿಸಿಕೊಂಡು ಎದ್ದು ಹೋಗುತ್ತದೆ ಹೇಳಲಾಗದು. ಗಂಟುಗಳು ಅರ್ಧ ಬಿಚ್ಚಿರುವಾಗ ಪಟ್ಟನೆ ಎಲ್ಲ ಆರುತ್ತಿತ್ತು. ಬ್ಯಾಟರಿ ಪೆಟ್ಟಿಗೆ ಸ್ವಲ್ಪ ಹೊತ್ತು ಅತ್ತು ಅದೂ ಸುಮ್ಮನಾಗುತ್ತಿತ್ತು. ಮತ್ತೆ ಕರೆಂಟು ಬಂದು ಉಪಕರಣವನ್ನು ಎಬ್ಬಿಸಿದರೆ ಅದಕ್ಕೆ ಹಿಂದಿನದೇನೂ ನೆನಪಿಲ್ಲ. ಮತ್ತೆ ಮೊದಲನೆಯ ಗಂಟಿನಿಂದ ಶುರು. ಬೇಸಿಗೆಯಲ್ಲಂತೂ ಒಂದು ಸಲವೂ ಕೊನೆ ಮುಟ್ಟಲಿಲ್ಲ.

ಕರೆಂಟು ಹೋದ ಹೊತ್ತು ಶೇಖರಮ್ಮನಿಗೆ ಪ್ರಿಯವಾದ ಹೊತ್ತು. ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. ಕೆಳಗಿನ ಗೊಬ್ಬರದ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಕಲಿಯುವವರು ಗಾಳಿಗೆಂದು ಹೊರಗೆ ಹೋದರೆ, ಕಪ್ಪಾದ ಪರದೆಯಲ್ಲಿ ಅವಳ ಮುಖ, ಮುಖದ ಹಿಂದೆ ಕಿಟಕಿ, ಕಿಟಕಿಯಾಚೆ ಬಿಳಿಚಿದ ಆಕಾಶ ಕಾಣುತ್ತಿತ್ತು. ಈ ಗಂಟುಗಳನ್ನು ಕಟ್ಟಿದ ಕೈಗಳು ಈಗ ಎಲ್ಲಿ ಏನು ಮಾಡುತ್ತಿರಬಹುದು ಎಂದು ಅವಳು ಯೋಚಿಸುತ್ತಿದ್ದಳು. ಒಬ್ಬರ ಊರಲ್ಲಿ ಬೆಳಗು, ಇನ್ನೊಬ್ಬರ ಊರಲ್ಲಿ ಇಳಿಹೊತ್ತು. ಒಬ್ಬರನ್ನೊಬ್ಬರು ಕಾಣದ ಇಷ್ಟು ಜನ ಒಂದೇ ಕಣದಲ್ಲಿ ಮುಯ್ಯಾಳು ದುಡಿಯುತ್ತಿದ್ದಾರೆ, ಇವತ್ತು ನಿನ್ನ ರಾಶಿಗೆ ನಾನು, ನಾಳೆ ನನ್ನ ರಾಶಿಗೆ ನೀನು. ಆ ಕಣದ ಅಂಚಿಗೆ ತಾನೂ ಹೋಗಿ ನಿಂತಂತೆ ಅವಳಿಗೆ ಕಾಣುತ್ತಿತ್ತು.

ಹೀಗೊಂದು ಮಧ್ಯಾಹ್ನ ಅವಳಿಗೆ ಉಪಾಯ ಹೊಳೆಯಿತು. ಪ್ರತಿ ಗಂಟು ಬಿಚ್ಚಿಟ್ಟ ಮೇಲೆ ಉಪಕರಣ ಒಂದು ಗುರುತು ಬರೆದಿಟ್ಟುಕೊಂಡರೆ ಆಯಿತು. ಕರೆಂಟು ಬಂದಾಗ ಗುರುತು ನೋಡಿ ಅಲ್ಲಿಂದ ಮುಂದುವರಿಯುತ್ತದೆ. ಉಪಕರಣದ ಒಳಗನ್ನು ಬಿಚ್ಚಿ ಓದಿದಳು. ಕೆಲವು ವಾರ ತಿದ್ದಿದಳು, ಕೆಡಿಸಿದಳು, ಮತ್ತೆ ತಿದ್ದಿದಳು. ಒಂದು ದಿನ ನಡುವೆ ಎರಡು ಸಲ ಕರೆಂಟು ಹೋಗಿಯೂ ಕೊನೆಯ ಗಂಟಿನವರೆಗೆ ಮುಟ್ಟಿತು. ಕರಿಬಸಯ್ಯನವರು ಕೆಳಗಿನ ಅಂಗಡಿಯವರಿಗೂ ಸೇರಿಸಿ ಮಿರ್ಚಿ ಭಜಿ ತರಿಸಿದರು.

"ಇದನ್ನ ಅವರಿಗೆ ಕಳಸು ತಂಗಿ" ಎಂದರು. ಸಿಡಿಯೊಳಗೇ ಬರೆದಿತ್ತು: ಸುಧಾರಣೆ ಹೊಳೆದರೆ ಈ ವಿಳಾಸಕ್ಕೆ ಬರೆಯಿರಿ, ಹೊಸಬರಿಗೂ ಸ್ವಾಗತ.

"ಅದು ಎಲ್ಲಾರಿಗೂ ಬರದದ್ದು ಅಯ್ಯನವರ. ನನ್ನ ಕರದಿಲ್ಲಲ್ರಿ" ಎಂದಳು ಶೇಖರಮ್ಮ.

ಅವಳ ಮಾತಿನಲ್ಲಿ ನ್ಯಾಯವಿತ್ತು. ಮಸ್ಕಿಯಲ್ಲಿ ಲಗ್ನಪತ್ರಿಕೆ ಕೈಗೆ ಬಂದ ಮಾತ್ರಕ್ಕೆ ಯಾರೂ ಲಗ್ನಕ್ಕೆ ಹೊರಡುವುದಿಲ್ಲ. ಮನೆಯವರು ಬಾಗಿಲಿಗೆ ಬಂದು, ಕುಂಕುಮ ಹಚ್ಚಿ, "ಬರಬೇಕ್ರಿ ಮತ್ತ" ಎಂದು ಬಾಯಿಬಿಟ್ಟು ಕರೆಯಬೇಕು. ಕರಿಬಸಯ್ಯನವರು ತಲೆ ಚಚ್ಚಿಕೊಂಡು, "ಅವರು ಕುಂಕುಮ ಹಚ್ಚಾಕ ಸಮುದ್ರ ದಾಟಿ ಬರ್ತಾರೇನು? ಬರಿ ಸುಮ್ನ" ಎಂದು ಗದರಿದ ಮೇಲೆ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದಳು. ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂದು ಆರಂಭಿಸಿ, ತನ್ನ ಊರು, ಊರಿನ ಬಿಸಿಲು, ತಂದೆಯ ಅಂಗಡಿ ಎಲ್ಲ ಹೇಳಿ, ಉಪಾಯದ ಸುದ್ದಿಯನ್ನು ಕೊನೆಯಲ್ಲಿ, ನಾಚಿಕೊಂಡು ಹೇಳಿದ್ದಳು.

ಸಿಂಧನೂರಿನಿಂದ ಇ-ಮೇಲ್ ಹೋಗಬೇಕೆಂದರೆ ದೂರದ ಪಟ್ಟಣದ ನಂಬರಿಗೆ ಎಸ್‌ಟಿಡಿ ಹಚ್ಚಬೇಕಾಗಿತ್ತು. ದರ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಮಾತ್ರ ಕರಿಬಸಯ್ಯನವರು ಆ ಧೈರ್ಯ ಮಾಡುತ್ತಿದ್ದರು. ಹೋಗುವುದು ಭಾನುವಾರ, ಬರುವುದು ಭಾನುವಾರ. ನಡುವಿನ ವಾರವೆಲ್ಲ ಶೇಖರಮ್ಮನ ಕನಸಿಗೆ ಬಿಟ್ಟ ಬಯಲು.

ಉತ್ತರ ಬಂತು. ಆ ಉಪಕರಣವನ್ನು ನೋಡಿಕೊಳ್ಳುವ ಮುಖ್ಯಸ್ಥನೊಬ್ಬ ದೂರದ ದೇಶದಲ್ಲಿದ್ದ. ಶೇಖರಮ್ಮ ಅವನಿಗೆ ಯಜಮಾನ ಎಂದು ಹೆಸರಿಟ್ಟಿದ್ದಳು. ಅವನು ಕ್ಷೇಮ ಕೇಳಿರಲಿಲ್ಲ. ಒಂದೇ ಪ್ರಶ್ನೆ: "ಗುರುತು ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ?"

"ಸಿಟ್ಟಿಗೆದ್ದಾರ" ಎಂದಳು ಶೇಖರಮ್ಮ, ಮುಖ ಸಣ್ಣದು ಮಾಡಿ.

"ಸಿಟ್ಟಲ್ಲ ತಂಗಿ. ಕೆಲಸದ ಮಂದಿ ಹಂಗ, ಬಾಗಲದಾಗ ನಿಂತು ಮಾತಾಡಂಗಿಲ್ಲ, ಸೀದಾ ಒಳಗ ಬರ್ತಾರ" ಎಂದರು ಕರಿಬಸಯ್ಯನವರು.

ಪ್ರಶ್ನೆ ಸರಿಯಾದದ್ದೇ. ಅರ್ಧ ಬರೆದ ಗುರುತು ಗುರುತೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಆ ವಾರ ಶೇಖರಮ್ಮ ದಢೇಸುಗೂರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಕಾಲುವೆ ಬದಿಯ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ನೀರು ನಿಂತ ಗದ್ದೆಯಲ್ಲಿ ಆಕಾಶ ಮಲಗಿತ್ತು. ನಾಟಿಯ ಹೆಂಗಸರು ಮೋಡದ ಮೇಲೆ ಸಸಿ ಊರುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಸಂಜೆ ಮುಂದೆ ಗುಂಪಿನ ಮುಖ್ಯಸ್ಥೆ ಯಮನಮ್ಮ, ಅಂದಿನ ನಾಟಿ ಎಲ್ಲಿಗೆ ಮುಟ್ಟಿತೆಂಬ ಗುರುತಿಗೆ, ಬದುವಿನ ಮೇಲೆ ಒಂದು ಕೋಲು ನೆಟ್ಟಳು. ಆಮೇಲೆ ನಡೆದು ಹೋಗಿ ನಿನ್ನೆಯ ಕೋಲನ್ನು ಕಿತ್ತು ತಂದಳು.

"ಅದನ್ನ ಕಿತ್ಕೊಂಡು ಬಂದು ಇಲ್ಲಿ ನೆಟ್ಟಿದ್ರ ಒಂದ ಕೋಲಿನಾಗ ಮುಗೀತಿತ್ತಲ್ಲಬೇ?" ಎಂದು ಶೇಖರಮ್ಮ ಕೇಳಿದಳು.

"ಕಿತ್ತು ತರೂದ್ರಾಗ ಲೆಕ್ಕಕ್ಕ ಗೌಡ ಬಂದು ನಿಂತ್ರ? ಇವತ್ತಿಂದೂ ಇಲ್ಲ, ನಿನ್ನಿದೂ ಇಲ್ಲ ಅಂತಾನ. ಹೊಸಾದು ನೆಟ್ಟ ಮ್ಯಾಲ ಹಳೇದು ಕೀಳಬೇಕವ್ವ" ಎಂದು ಯಮನಮ್ಮ ಕೈ ತೊಳೆಯಲು ಕಾಲುವೆಗೆ ಇಳಿದಳು.

ಶೇಖರಮ್ಮ ಕತ್ತಲಾಗುವವರೆಗೆ ಬದುವಿನ ಮೇಲೆಯೇ ಕೂತಿದ್ದಳು. ಭಾನುವಾರ ಯಜಮಾನನಿಗೆ ಉತ್ತರ ಹೋಯಿತು: ಹೊಸ ಗುರುತನ್ನು ಪೂರ್ತಿ ಬರೆದ ಮೇಲೆಯೇ ಹಳೆಯದನ್ನು ತೆಗೆಯುವುದು, ಅಲ್ಲಿಯವರೆಗೆ ಹಳೆಯದೇ ಗುರುತು. ಈ ಸಲ ಅವಳು ಕ್ಷೇಮಸಮಾಚಾರವನ್ನು ಒಂದೇ ಸಾಲಿಗೆ ಇಳಿಸಿದ್ದಳು.

ಮಳೆಗಾಲವೆಲ್ಲ ಹೀಗೆ ಭಾನುವಾರದಿಂದ ಭಾನುವಾರಕ್ಕೆ ಮಾತು ನಡೆಯಿತು. ಒಂದು ಭಾನುವಾರ, ಮೋಡೆಮ್ಮು ಕೂಗಿ ಸುಮ್ಮನಾದ ಮೇಲೆ, ಯಜಮಾನನ ಕಾಗದ ಪರದೆಯ ಮೇಲೆ ಇಳಿಯಿತು. ನಿಮ್ಮ ಬದಲಾವಣೆಯನ್ನು ಸೇರಿಸಿದ್ದೇವೆ, ಎಂದಿತ್ತು. ಅದರ ಕೆಳಗೆ: "ಸಿಡಿಯಿಂದ ಪ್ಯಾಕೇಜು ಇಳಿಸುವ ಈ ಭಾಗಕ್ಕೆ ಸದ್ಯ ನೋಡಿಕೊಳ್ಳುವವರು ಯಾರೂ ಇಲ್ಲ. ನೀವು ವಹಿಸಿಕೊಳ್ಳುತ್ತೀರಾ? ಇನ್ನು ಮುಂದೆ ಅದು ನಿಮ್ಮ ಹೆಸರಿನಲ್ಲಿರುತ್ತದೆ."

ಶೇಖರಮ್ಮ ಕಿಟಕಿಯ ಕಡೆ ಹೋಗಿ ನಿಂತಳು. ಕಣ್ಣು ತುಂಬಿತ್ತು. ಎಷ್ಟೋ ವರ್ಷ ಊರವರ ಮಾತನ್ನು ಹೊಡೆದುಕೊಟ್ಟ ಬೆರಳುಗಳಿವು. ಜಗತ್ತಿನಲ್ಲಿ ಒಂದು ಚಿಕ್ಕ ತುಂಡು, ಯಾರೂ ನೋಡದ ಒಳಗಿನ ತುಂಡು, ಅವಳದು ಅನ್ನಿಸಿಕೊಳ್ಳುವುದಿತ್ತು. ಅದು ಅವಳಿಗೆ ಬೇಕಾಗಿತ್ತು. ಬದುಕಿನಲ್ಲಿ ಯಾವುದೂ ಅಷ್ಟು ಬೇಕಾಗಿರಲಿಲ್ಲ.

ಕೂತು ಬರೆದಳು: "ತಾವು ಕೇಳಿದ್ದೇ ನನ್ನ ಭಾಗ್ಯ. ಇಷ್ಟು ದೊಡ್ಡ ಕೆಲಸ ನನ್ನಂಥವಳಿಗೆ ಬೇಡ. ನನಗಿಂತ ತಿಳಿದವರಿಗೆ ಕೊಡಿ."

ಬೇರೆ ಸೀಮೆಯವರು ಇದನ್ನು ಓದಿದರೆ ಹಣೆ ಬಡಿದುಕೊಂಡಾರು. ನಮ್ಮ ಕಡೆಯವರು ಹಾಗೆ ಮಾಡುವುದಿಲ್ಲ, ಅವರಿಗೆ ಗೊತ್ತು. ಪಾರ್ವತೆಮ್ಮ ಊಟಕ್ಕೆ ಬಡಿಸುವುದನ್ನು ನೋಡಬೇಕು. ಹೋಳಿಗೆ ಹಿಡಿದು ಬಂದರೆ ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ, ಬ್ಯಾಡ್ರಿ" ಎನ್ನಬೇಕು. "ಏನ್ ಉಂಡೀರಂತ ಸಾಕ್ರಿ!" ಎಂದು ಅವಳು ಗದರಬೇಕು. ಮತ್ತೆ ಬೇಡ, ಮತ್ತೆ ಒತ್ತಾಯ. ಕೊನೆಗೆ ಬೆರಳ ಸಂದಿಯಿಂದ ಹೋಳಿಗೆ ತಾಟಿಗೆ ಬೀಳುತ್ತದೆ, ಅದರ ಮೇಲೆ ತುಪ್ಪವೂ ಬೀಳುತ್ತದೆ, ಇಬ್ಬರಿಗೂ ಸಮಾಧಾನ. ಕೇಳಿದ ಕೂಡಲೇ ಹ್ಞೂಂ ಅನ್ನುವವರು ಹೊಟ್ಟೆಬಾಕರು. ಒಂದೇ ಸಲ ಕೇಳಿ ಮುಂದೆ ಹೋಗುವವರು ಜಿಪುಣರು. ಶೇಖರಮ್ಮ ಬೇಡ ಎಂದದ್ದು ಆ ಬೇಡ.

ಆ ವಾರದಷ್ಟು ಸುಖವಾದ ವಾರ ಅವಳ ಪಾಲಿಗೆ ಬಂದಿರಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಯಜಮಾನನ ಮರುಮಾತನ್ನು ತಾನೇ ಬರೆದುಕೊಳ್ಳುತ್ತಿದ್ದಳು. ಹಾಗನ್ನಬೇಡಿ, ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ, ಎಂದು ಅವನು ಬರೆಯುತ್ತಾನೆ. ಇವಳು ಮತ್ತೊಮ್ಮೆ ಹಿಂಜರಿಯುತ್ತಾಳೆ, ಈ ಸಲ ಸ್ವಲ್ಪ ಕಡಿಮೆ. ಅವನು ಮತ್ತೆ ಒತ್ತಾಯ ಮಾಡುತ್ತಾನೆ. ಆಗ, ತಾವು ಅಷ್ಟು ಹೇಳಿದ ಮೇಲೆ ಆಗಲಿ, ಎಂದು ಒಪ್ಪುತ್ತಾಳೆ. ಕಾಲುವೆಯ ನೀರು ಬಸ್ಸಿನ ಜೊತೆ ಜೊತೆಗೇ ಹರಿದು ಬರುತ್ತಿತ್ತು. ಇಳಿಯುವ ಜಾಗ ದಾಟಿ ಒಂದು ದಿನ ಅವಳು ಮುಂದಿನ ನಿಲ್ದಾಣಕ್ಕೆ ಹೋಗಿಬಿಟ್ಟಳು.

ಭಾನುವಾರ ಉತ್ತರ ಬಂತು. "ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಈಚೆಗೆ ಸೇರಿದ ಇನ್ನೊಬ್ಬ ಹೊಸಬರನ್ನು ಕೇಳಿದೆವು, ಅವರು ಒಪ್ಪಿದ್ದಾರೆ. ಆ ಭಾಗ ಇನ್ನು ಅವರದು."

ಶೇಖರಮ್ಮ ಅದನ್ನು ಓದಿ, ಮತ್ತೆ ಓದಿ, ಕಂಪ್ಯೂಟರ್ ಬಂದ್ ಮಾಡಿದಳು. ಕರಿಬಸಯ್ಯನವರು ಏನಾಯಿತೆಂದು ಕೇಳಿದರೆ ತಲೆನೋವು ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಅಲ್ಲಿ ಕೂರಲಿಲ್ಲ.

ಮನೆಯಲ್ಲಿ ಪಾರ್ವತೆಮ್ಮ ರೊಟ್ಟಿ, ಪುಂಡಿಪಲ್ಲೆ ಬಡಿಸಿಟ್ಟಳು. ಮಗಳು ತಾಟು ಮುಟ್ಟಲಿಲ್ಲ. "ಯಾಕವ್ವಾ?" ಎಂದಾಗ ಎಲ್ಲ ಹೇಳಿದಳು, ಗಂಟು, ಗುರುತು, ಯಜಮಾನ, ಎಲ್ಲ. ಪಾರ್ವತೆಮ್ಮನಿಗೆ ಕಂಪ್ಯೂಟರಿನ ಸುದ್ದಿ ತಿಳಿಯಲಿಲ್ಲ, ತಿಳಿಯಬೇಕಾದದ್ದು ತಿಳಿಯಿತು.

"ನಿನಗ ಅದು ಬೇಕಾಗಿತ್ತೇನು?"

ಶೇಖರಮ್ಮ ಹೌದೆಂದು ತಲೆಯಾಡಿಸಿದಳು.

"ಮತ್ತ ಬ್ಯಾಡ ಅಂತ ಯಾಕ ಬರದಿ?"

"ಒಂದ್ಸಲ ಬ್ಯಾಡ ಅನ್ನದ ಹೆಂಗ ತಗೋಬೇಕಬೇ ಯವ್ವಾ?"

ಪಾರ್ವತೆಮ್ಮ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಆಮೇಲೆ ಯಾಕೋ ಮೆಲ್ಲಗೆ ಕೇಳಿದಳು: "ಆ ಹಟ್ಟಿ ನೌಕರಿ?"

"ಬೇಕಾಗಿತ್ತು" ಎಂದಳು ಶೇಖರಮ್ಮ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಹಂಚಿನ ರೊಟ್ಟಿ ತಿಂದು, ತಾಯಿಗೆ ಇದು ಗೊತ್ತಿರಲಿಲ್ಲ. ಪಾರ್ವತೆಮ್ಮನಿಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು. "ಮಂದಿ ಮನ್ಯಾಗ ಕೇಳಿದ ಕೂಡ್ಲೇ ಹ್ಞೂಂ ಅನಬ್ಯಾಡ ಅಂತ ಕಲಿಸಿದಾಕಿ ನಾನ. ನಾ ಕಲಿಸಿದ್ದು ನನ್ನ ಪಂಕ್ತ್ಯಾಗ ನಡೀತೈತಿ. ಯಾಕಂದ್ರ ಬಡಸಾಕಿ ನಾ ಇರ್ತೀನಿ. ಅವರ ಪಂಕ್ತ್ಯಾಗ ಬಡಸಾವ ಮುಂದ ಹೋಗೇ ಬಿಡ್ತಾನ, ಅವನದೇನು ತಪ್ಪಿಲ್ಲ. ಅಳದ ಕೂಸಿಗೆ ಹಡದವ್ವನೂ ಹಾಲು ಕೊಡಂಗಿಲ್ಲಂತ. ಬೇಕಂತ ಬರಿ."

"ಅದು ಈಗ ಬ್ಯಾರೇದವರಿಗೆ ಹೋಗೈತಿ."

"ಹೋದ್ರ ಹೋಗಲಿ. ಬೇಕಾಗಿತ್ತು ಅಂತ ಅವನಿಗೆ ಗೊತ್ತಾಗಲಿ. ನಮಗ ಗೊತ್ತಾಗಲಿಲ್ಲ."

ಮುಂದಿನ ಭಾನುವಾರ ಶೇಖರಮ್ಮ ಬರೆದದ್ದು ಅವಳ ಕಾಗದಗಳಲ್ಲೆಲ್ಲ ಚಿಕ್ಕದು. "ನಮ್ಮ ಕಡೆ ಮೊದಲ ಸಲ ಕೇಳಿದಾಗ ಬೇಡ ಎನ್ನುವುದು ಮರ್ಯಾದೆ, ಎರಡನೇ ಸಲ ಕೇಳುವುದು ಕೇಳುವವರ ಮರ್ಯಾದೆ. ನಿಮ್ಮ ಕಡೆ ಹಾಗಿಲ್ಲವೆಂದು ನನಗೆ ತಿಳಿದಿರಲಿಲ್ಲ. ನನಗೆ ಅದು ಬೇಕಾಗಿತ್ತು." ಕಳಿಸಿದ ಮೇಲೆ ನಾಚಿಕೆಯಾಯಿತು, ಬಸ್ಸು ಹತ್ತಿದ ಮೇಲೆ ಹಗುರವಾಯಿತು. ವಾರವೆಲ್ಲ ಒಂದು ಬಗೆಯ ಮಂಪರು. ಪಾಠ ಹೇಳುತ್ತಿದ್ದಾಗಲೂ, ಕರೆಂಟು ಹೋಗಿ ಪರದೆ ಕಪ್ಪಾದಾಗಲೂ, ತಾನು ಬರೆದ ಆ ಒಂದು ಮಾತು ಸಮುದ್ರಗಳ ಕೆಳಗಿನ ತಂತಿಯಲ್ಲಿ ಒಬ್ಬಂಟಿಯಾಗಿ ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅದು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೋ, ಮುಟ್ಟಿದರೆ ಬಾಗಿಲು ತೆರೆಯುತ್ತಾರೋ ಎಂದು ಒಂದೇ ಕಾತರ.

ಆ ಭಾನುವಾರ ಲೈನು ಬೇಗ ಸಿಗಲಿಲ್ಲ. ಕರಿಬಸಯ್ಯನವರು ಮೋಡೆಮ್ಮಿಗೆ ಬಯ್ಯುತ್ತ, ನಡುನಡುವೆ ಶಿವಶಿವಾ ಅನ್ನುತ್ತ ಮತ್ತೆ ಮತ್ತೆ ಹಚ್ಚಿದರು. ಕೊನೆಗೆ ಸಿಕ್ಕಿತು. ಯಜಮಾನ ಎಂದೂ ಬರೆಯದಷ್ಟು ಉದ್ದವಾಗಿ ಬರೆದಿದ್ದ.

"ನಿಮ್ಮ ಬೇಡವನ್ನು ನಾನು ಬೇಡವೆಂದೇ ಓದಿದೆ. ಕ್ಷಮಿಸಿ. ಒಬ್ಬರಿಗೆ ಕೊಟ್ಟದ್ದನ್ನು ಮರಳಿ ಕೇಳಲಾರೆ, ಅವರು ಚೆನ್ನಾಗಿ ಮಾಡುತ್ತಿದ್ದಾರೆ. ನಿಮ್ಮ ಕಾಗದ ಓದಿದ ಮೇಲೆ ನನಗೆ ಒಂದು ಯೋಚನೆ ಹತ್ತಿದೆ. ಎಷ್ಟೋ ಹೊಸಬರು ಒಮ್ಮೆ ಬರೆದು, ನಾವು ಏನೋ ಕೇಳಿದ ಮೇಲೆ ಸುಮ್ಮನಾಗಿಬಿಡುತ್ತಾರೆ. ಅವರಿಗೆ ಬೇಡವಾಯಿತೆಂದು ನಾವು ತಿಳಿಯುತ್ತಿದ್ದೆವು. ಹೊಸಬರ ಮೊದಲ ಕಾಗದಗಳನ್ನು ಓದಿ, ಉತ್ತರ ಬರೆದು, ಅವರ ಕೆಲಸವನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವವರು ನಮ್ಮಲ್ಲಿ ಯಾರೂ ಇಲ್ಲ. ಬೇಸರದ ಕೆಲಸವೆಂದು ಯಾರೂ ವಹಿಸಿಕೊಂಡಿಲ್ಲ. ವಾರಕ್ಕೊಮ್ಮೆ ಮಾಡಿದರೂ ಸಾಕು. ನಿಮಗೆ ಬೇಕೆ? ಬೇಡ ಎಂದು ಬರೆದರೆ ಮುಂದಿನ ವಾರ ಮತ್ತೆ ಕೇಳುತ್ತೇನೆ."

ಕೊನೆಯ ಸಾಲು ಓದಿ ಶೇಖರಮ್ಮನಿಗೆ ನಗು ಬಂತು. ಅವಳು ಬಂದು ಸೇರಿದ ದಾರಿಯಲ್ಲೇ ಎಷ್ಟು ಜನ ಬಂದು, ಬಾಗಿಲಲ್ಲಿ ನಿಂತು, ಒಂದು ಸಲ ಬೇಡ ಎಂದು, ಯಾರೂ ಮತ್ತೆ ಕೇಳದೆ ತಿರುಗಿ ಹೋಗಿರಬಹುದು! ಯಾವ ಊರಿನವರೋ, ಯಾವ ಅಂಗಡಿಯ ಮೇಲಿನ ಕೋಣೆಯವರೋ. ಅವರೆಲ್ಲ ಒಂದು ದೊಡ್ಡ ಬಯಲಿನಲ್ಲಿ ಬೆನ್ನು ಮಾಡಿ ನಡೆದು ಹೋಗುತ್ತಿರುವಂತೆ ಅವಳಿಗೆ ಕಂಡಿತು. ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದರು.

"ಜಲ್ದಿ ತಂಗಿ, ಲೈನ್ ಹೋದ್ರ ಮತ್ತ ಸಿಗಂಗಿಲ್ಲ" ಎಂದರು ಕರಿಬಸಯ್ಯನವರು.

ಅವಳ ಬೆರಳು ರೂಢಿಯಂತೆ, ತಾವು ಯೋಗ್ಯವೆಂದು ತಿಳಿದರೆ, ಎಂದು ಹೊಡೆದವು. ಅವಳು ಅದನ್ನು ಅಳಿಸಿದಳು. ಮತ್ತೆ ಹೊಡೆದಳು.

"ಬೇಕು. ನನ್ನನ್ನು ಎರಡನೇ ಸಲ ಕೇಳಬೇಡಿ. ಅವರನ್ನು ನಾನು ಕೇಳುತ್ತೇನೆ."